ಸೋಪಿನ ಮಾತು

ಮೆಟ್ಟಿಲು ಮೇಷ್ಟ್ರ ಮಾನ ಹೋದದ್ದು ಒಂದು ಲೋಟ ನೀರಿನಿಂದ. ಬೀದಿಯಲ್ಲಿ ಯಾರೂ ನೋಡಲಿಲ್ಲ, ಯಾರೂ ಆಡಿಕೊಳ್ಳಲಿಲ್ಲ, ಮರುದಿನ ಕಚೇರಿಯಲ್ಲಿ ಒಬ್ಬರಿಗೂ ಸುಳಿವು ಸಿಗಲಿಲ್ಲ. ಆದರೂ ಹೋಯಿತು. ಮಾನ ಹೋಗುವುದಕ್ಕೆ ನಾಲ್ಕು ಜನ ಸೇರಬೇಕು ಎಂದು ಅವನು ಅದುವರೆಗೆ ನಂಬಿಕೊಂಡಿದ್ದ. ಹೆಂಡತಿಯೊಬ್ಬಳು ಸಾಕು ಎಂದು ಆ ಮಧ್ಯಾಹ್ನ ಗೊತ್ತಾಯಿತು.

ಮೇಷ್ಟ್ರು ಎಂದರೆ ಪಾಠ ಹೇಳುವವನಲ್ಲ. ಹೆಂಗಸರ ದುಡಿಮೆ, ಅದಕ್ಕೆ ಸಿಗದ ಬೆಲೆ, ಮನೆಯೊಳಗೆ ಯಾರ ಮಾತು ನಡೆಯುತ್ತದೆ ಎಂಬುದನ್ನೆಲ್ಲ ಅಧ್ಯಯನ ಮಾಡುವ ಒಂದು ಸಂಸ್ಥೆಯಲ್ಲಿ ಅವನು ನೌಕರ. ಸಂಸ್ಥೆಯವರು ಮನೆಮನೆಗೆ ಹೋಗಿ, ಹೆಂಡತಿಯೊಬ್ಬಳನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಗಂಡ ಎದುರಿಗಿದ್ದರೆ ಅವಳು ನಿಜ ಹೇಳುವುದಿಲ್ಲ; ಹೇಳಿದರೂ ಅವನ ಮುಖ ನೋಡಿಕೊಂಡು ಹೇಳುತ್ತಾಳೆ. ಹಾಗಾಗಿ ಗಂಡನನ್ನು ಹೊರಗೆ ಹಿಡಿದಿಡಲು ಒಬ್ಬ ಆಳು ಬೇಕು. ಆ ಆಳು ಇವನು. ಒಳಗೆ ಹೆಂಗಸರ ಮಾತು ಮುಗಿಯುವವರೆಗೆ ಇವನು ಮನೆಯ ಮೆಟ್ಟಿಲ ಮೇಲೆ ಗಂಡನ ಪಕ್ಕದಲ್ಲಿ ಕೂತು ಹರಟುತ್ತಾನೆ. ಅದಕ್ಕೇ ಆ ಅಡ್ಡಹೆಸರು. ಇಟ್ಟವಳು ಅವನ ಜೊತೆಗೆ ಹೋಗಿ ಒಳಗಿನ ಪ್ರಶ್ನೆಗಳನ್ನು ಕೇಳುವ ಸಹೋದ್ಯೋಗಿ. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ.

ಹರಟೆ ತಾನೇ ಎಂದು ಮೂಗು ಮುರಿಯಬೇಡಿ. ಎದುರಿಗಿರುವವನು ಮೆಕ್ಯಾನಿಕ್ ಆದರೆ ತನ್ನ ಸ್ಕೂಟರನ್ನು ಬೈಯಬೇಕು, ಗಾರೆ ಮೇಸ್ತ್ರಿಯಾದರೆ ಬೇರೆ ಮೇಸ್ತ್ರಿ ಕಟ್ಟಿದ ಗೋಡೆಯನ್ನು ಬೈಯಬೇಕು, ಕೆಲಸವಿಲ್ಲದವನಾದರೆ ಸರ್ಕಾರವನ್ನು. ಅಣ್ಣತಮ್ಮಂದಿರ ಜಗಳ ಎಲ್ಲರಿಗೂ ಆಗಿಬರುತ್ತದೆ. ಮೇಷ್ಟ್ರು ಯಾವ ಗಂಡನನ್ನಾದರೂ ಎಷ್ಟು ಹೊತ್ತಾದರೂ ಕೂರಿಸಬಲ್ಲ. ಅವನ ನಾಲಗೆಗೆ ಸಂಸ್ಥೆ ಸಂಬಳ ಕೊಡುತ್ತಿತ್ತು ಎಂದರೂ ತಪ್ಪಿಲ್ಲ.

ಒಳಗೂ ಒಂದು ಉಪಾಯವಿತ್ತು. ಪ್ರಶ್ನೆ ಶುರುಮಾಡುವ ಮೊದಲೇ ಅಕ್ಕ ಆ ಮನೆಯ ಹೆಂಗಸಿಗೆ ಹೇಳಿಬಿಡುತ್ತಿದ್ದಳು: "ಮಧ್ಯೆ ಯಾರಾದ್ರೂ ಬಂದ್ರೆ ನಾನು ಥಟ್ಟಂತ ಸೋಪಿನ ಮಾತು ಎತ್ತುತ್ತೀನಿ. ನೀವೂ ಸೋಪಿನ ಮಾತೇ ಆಡಿ. ನಾವು ಹೋದ್ಮೇಲೆ ಏನು ಕೇಳಿದ್ರು ಅಂತ ಯಾರಾದ್ರೂ ಕೆದಕಿದ್ರೂ ಅಷ್ಟೇ, ಸೋಪಿನ ವಿಷಯ ಅಂದುಬಿಡಿ." ಬಟ್ಟೆ ಒಗೆಯುವ ಸೋಪಿನ ಬಗ್ಗೆ ನಿಂತು ಕೇಳುವಷ್ಟು ತಾಳ್ಮೆ ಯಾವ ಗಂಡಸಿಗೂ ಇರುವುದಿಲ್ಲ. ಈ ಉಪಾಯವನ್ನು ಬೇರೆ ಸಂಸ್ಥೆಗಳವರೂ ಎತ್ತಿಕೊಂಡಿದ್ದರು.

ಹೊಸಬರಿಗೆ ತರಬೇತಿ ಕೊಡುವ ದಿನ ಮೇಷ್ಟ್ರ ಭಾಷಣ ಇದ್ದೇ ಇರುತ್ತಿತ್ತು. "ಗಂಡ ಕಾಲು ಚಾಚಿ ಕೂತಿದ್ರೆ ಚಿಂತೆ ಇಲ್ಲ. ನೀರು ಕುಡಿದು ಬರ್ತೀನಿ ಅಂತ ಎದ್ದ ಅಂದ್ಕೊಳ್ಳಿ, ಅವನಿಗಿರೋದು ಬಾಯಾರಿಕೆ ಅಲ್ಲ ಸ್ವಾಮಿ, ಅನುಮಾನ!" ಎಲ್ಲರೂ ನಗುತ್ತಿದ್ದರು. ನಗು ಇಳಿದ ಮೇಲೆ ಅಕ್ಕ ತನ್ನದನ್ನು ಸೇರಿಸುತ್ತಿದ್ದಳು. "ಹೆಜ್ಜೆ ಸಪ್ಪಳ ಕೇಳಿದ್ರೆ ನಾವು ಮಾತು ತಿರುಗಿಸ್ತೀವಿ. ಆಗ ಹೆಂಗಸರು ಸಾಮಾನ್ಯವಾಗಿ ತಬ್ಬಿಬ್ಬಾಗ್ತಾರೆ, ಇಲ್ಲ ನಕ್ಕುಬಿಡ್ತಾರೆ. ಆದ್ರೆ ನಮಗಿಂತ ಮುಂಚೆ ಅವಳೇ ಸೋಪಿಗೆ ತಿರುಗಿದ್ಲು ಅಂದ್ರೆ ಆ ಮನೇನ ನೆನಪಿಟ್ಕೊಳ್ಳಿ. ಆ ಹೆಜ್ಜೆಗೆ ಕಿವಿ ಕೊಟ್ಟುಕೊಂಡೇ ಬದುಕಿರೋಳು ಮಾತ್ರ ಹಾಗೆ ತಿರುಗ್ತಾಳೆ." ಇದಕ್ಕೆ ಮೇಷ್ಟ್ರು ತಲೆದೂಗಿ "ಪಾಪ" ಎನ್ನುತ್ತಿದ್ದ. ಮನಸ್ಸಿನಿಂದಲೇ ಅನ್ನುತ್ತಿದ್ದ, ಸುಳ್ಳಲ್ಲ.

ಅವನ ಮನೆಯಲ್ಲಿದ್ದವರು ಹೆಂಡತಿ ಮತ್ತು ತಾಯಿ. ಹೆಂಡತಿ ಮೊದಲು ಕನ್ನಡಕದ ಅಂಗಡಿಯಲ್ಲಿ ಗಾಜಿನ ಅಂಚು ಉಜ್ಜಿ, ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ ಬಿಟ್ಟಳು. ನಾನೇ ಬಿಡಿಸಿದೆ ಎಂದು ಮೇಷ್ಟ್ರು ಎಂದೂ ಒಪ್ಪುವುದಿಲ್ಲ. "ನಾವಿಬ್ರೂ ಕೂತು ತೀರ್ಮಾನ ಮಾಡಿದ್ವಿ" ಎನ್ನುತ್ತಿದ್ದ. ಕೂತದ್ದೇನೋ ನಿಜ, ಮಾತಾಡಿದ್ದು ಅವನೊಬ್ಬನೇ. ಬೇರೆಯವರ ಮೆಟ್ಟಿಲ ಮೇಲೆ ಇದೇ "ನಾವಿಬ್ರೂ" ಕೇಳಿದಾಗ ಅವನು ಮೀಸೆಯಡಿ ನಕ್ಕದ್ದುಂಟು. ತನ್ನ ಮನೆಯ "ನಾವಿಬ್ರೂ" ಬೇರೆ ಜಾತಿಯದು ಎಂದು ಅವನ ಎಣಿಕೆ.

ಈಗ ತಾಯಿ ಊರುಗೋಲು ಹಿಡಿದು ಮನೆಯೊಳಗೆಲ್ಲ ಓಡಾಡುತ್ತಿದ್ದಳು. ಅಂಗಡಿಯ ಯಜಮಾನಿ ಫೋನ್ ಮಾಡಿ, ಸೋಮವಾರದಿಂದ ಮತ್ತೆ ಬರುತ್ತೀಯಾ, ಇಲ್ಲದಿದ್ದರೆ ಬೇರೆಯವರನ್ನು ತಗೊಳ್ಳುತ್ತೇನೆ ಎಂದಿದ್ದಳು. ಹೆಂಡತಿ ಅದನ್ನು ಗಂಡನಿಗೆ ಹೇಳಿದಳು. ಹೇಳುವಾಗ ಅವಳ ಮುಖ ಅರಳಿತ್ತು. ಅವನು ಮೊಬೈಲಿನಿಂದ ಕಣ್ಣೆತ್ತದೆ "ನಿನ್ನಿಷ್ಟ" ಅಂದ. ಅಂದು, ಮಾತು ಬಿಟ್ಟ.

ಮಾತು ಬಿಡುವುದು ಅವನ ಹಳೆಯ ಅಭ್ಯಾಸ. ಅವನು ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಈ ಬಗ್ಗೆ ಅವನಿಗೆ ಸಾಕಷ್ಟು ಹೆಮ್ಮೆಯಿತ್ತು. ಮನಸ್ಸಿಗೆ ಒಪ್ಪದ್ದು ನಡೆಯುವಂತಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದ, ಅಷ್ಟೆ. ಹೂಂ, ಊಹೂಂ, ಬೇಡ. ತಟ್ಟೆ ಎಳೆದುಕೊಂಡು ಉಣ್ಣುವುದು, ಆ ಕಡೆ ಮಗ್ಗುಲಾಗಿ ಮಲಗುವುದು. ಅವಳು ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆ ಎಂದಾಗಲೂ ಹೀಗೇ ಆಗಿತ್ತು, ಸ್ಕೂಟರ್ ಕಲಿಯುತ್ತೇನೆ ಎಂದಾಗಲೂ ಹೀಗೇ. ಅವಳು ಆಸೆ ಕೈಬಿಟ್ಟ ದಿನ ಅವನ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು, ಆಮೇಲೆ ಅವನಷ್ಟು ರಸಿಕ ಯಾರೂ ಇಲ್ಲ. ಹಗಲೆಲ್ಲ ಊರ ಗಂಡಂದಿರಿಗೆಲ್ಲ ಮಾತು ಹಂಚುವವನು ಮನೆಗೆ ಬಂದು ಹೆಂಡತಿಗೆ ಮಾತ್ರ ಬಾಗಿಲು ಹಾಕುತ್ತಿದ್ದ. ಅದನ್ನು ಅವನು ತನ್ನ ಸ್ವಭಾವ ಎಂದು ಕರೆಯುತ್ತಿದ್ದ. ನನ್ನನ್ನು ಕೇಳಿದರೆ ಅದಕ್ಕೆ ಬೇರೆ ಹೆಸರಿದೆ.

ಈ ಸಲ ಅವಳು ಕೈಬಿಟ್ಟಿರಲಿಲ್ಲ. ಸೋಮವಾರ ಹತ್ತಿರ ಬರುತ್ತಿತ್ತು, ಮನೆಯಲ್ಲಿ ಮಾತಿರಲಿಲ್ಲ. ಅಂಥದ್ದರಲ್ಲಿ ರಜೆಯ ದಿನ ಬಾಗಿಲು ಬಡಿದ ಸದ್ದಾಯಿತು.

ಹೊರಗೆ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹೆಂಗಸು, ಅವಳ ಹಿಂದೆ ನರೆತ ತಲೆಯ ಒಬ್ಬ ಹಿರಿಯ. ಬೇರೊಂದು ಸಂಸ್ಥೆಯವರು. ಮನೆಯ ಹೆಂಗಸರ ಜೊತೆ ಸ್ವಲ್ಪ ಮಾತಾಡಬೇಕಿತ್ತು ಎಂದರು. ಮೇಷ್ಟ್ರಿಗೆ ಒಂದೇ ನೋಟಕ್ಕೆ ಎಲ್ಲ ತಿಳಿದುಹೋಯಿತು. ಇದೇ ಕಸುಬಿನವರ ಮನೆಯಾದರೆ ಅದನ್ನು ಹೇಳಿಬಿಡಬೇಕು, ಆ ಮನೆಯನ್ನು ಅವರು ಬಿಟ್ಟು ಮುಂದೆ ಹೋಗುತ್ತಾರೆ, ಅದು ನಿಯಮ. "ಯಜಮಾನ್ರಿಗೆ ಏನು ಕೆಲಸ?" ಎಂದು ಹಿರಿಯ ಕೇಳಿದ. "ಆಫೀಸಲ್ಲಿ ಲೆಕ್ಕ ಬರೀತೀನಿ" ಎಂದು ಮೇಷ್ಟ್ರು ಹಸಿಸುಳ್ಳು ಹೇಳಿದ.

ಯಾಕೆ ಹೇಳಿದ? ತನ್ನ ವಿದ್ಯೆಯನ್ನು ಇನ್ನೊಬ್ಬ ಹೇಗೆ ಮಾಡುತ್ತಾನೆ ನೋಡೋಣ ಎಂಬ ಚಪಲ ಒಂದು. ಇನ್ನೊಂದನ್ನು ಹೇಳಲು ನನಗೇ ಸಂಕೋಚ: ಇಂಥ ಒಳ್ಳೆಯ ಗಂಡನೂ ಇದ್ದಾನೆ ಎಂದು ಎಲ್ಲಾದರೂ ದಾಖಲಾಗಲಿ ಎಂಬ ಆಸೆ. ಒಳಗಿನಿಂದ ಬಂದ ಹೆಂಡತಿ ಆ ಸುಳ್ಳನ್ನು ಕೇಳಿದಳು. ಅವನ ಮುಖವನ್ನೊಮ್ಮೆ ನೋಡಿದಳು. ಬಂದವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಅತ್ತೆ ಕೋಣೆಯಲ್ಲಿ ಮಲಗಿ ನಿದ್ದೆಹೋಗಿದ್ದಳು.

ಗಂಡಸರಿಬ್ಬರೂ ಮೆಟ್ಟಿಲ ಮೇಲೆ ಕೂತರು. ಹಿರಿಯ ಮೊದಲು ಬಸ್ ಕಂಡಕ್ಟರ್ ಆಗಿದ್ದವನಂತೆ, ನಿವೃತ್ತಿಯ ನಂತರ ಈ ಕೆಲಸಕ್ಕೆ ಸೇರಿದ್ದನಂತೆ. ಮಂಡಿನೋವಿನಿಂದ ಶುರುಮಾಡಿದ. ಒಳ್ಳೆಯ ಆರಂಭ, ಎಂದುಕೊಂಡ ಮೇಷ್ಟ್ರು. ಮಂಡಿಯಿಂದ ಡಾಕ್ಟರಿಗೆ, ಡಾಕ್ಟರಿಂದ ಚಿಲ್ಲರೆ ಕೊಡದ ಪ್ರಯಾಣಿಕರಿಗೆ ಬಂದ. ಇದೂ ಪರವಾಗಿಲ್ಲ. ಮೇಷ್ಟ್ರು ಹೂಂಗುಟ್ಟುತ್ತ ಕೂತ, ಆದರೆ ಕಿವಿಗಳು ಹಿಂದಕ್ಕೆ ತಿರುಗಿದ್ದವು. ಪ್ರಶ್ನೆಗಳ ಸಾಲು ಅವನಿಗೆ ಬಾಯಿಪಾಠ. ಈಗ ಬೆಳಗಿಂದ ರಾತ್ರಿವರೆಗಿನ ಕೆಲಸ. ಈಗ ಮನೆಯಲ್ಲಿ ತೀರ್ಮಾನ ಯಾರದು. ಈಗ ಹೊರಗೆ ಹೋಗಬೇಕಾದರೆ ಯಾರನ್ನು ಕೇಳುತ್ತೀರಿ. ಆಮೇಲೆ ಕೊನೆಯದು: ಗಂಡ ಎಂದರೆ ಹೆದರಿಕೆ ಇದೆಯಾ?

ಹೆದರಿಕೆಯೇ! ಮೇಷ್ಟ್ರಿಗೆ ಒಳಗೊಳಗೇ ನಗು ಬಂತು. ಅವಳು ಆ ಪ್ರಶ್ನೆಗೆ ನಕ್ಕುಬಿಡುತ್ತಾಳೆ ಎಂದುಕೊಂಡ. ಆ ನಗುವನ್ನು ಕಿವಿಯಾರೆ ಕೇಳಬೇಕೆನಿಸಿತು. ಮಾತು ಬಿಟ್ಟವನಿಗೂ ಹೊಗಳಿಕೆ ಬೇಕು ನೋಡಿ.

"ಒಂದ್ನಿಮಿಷ, ನೀರು ಕುಡಿದು ಬರ್ತೀನಿ" ಎಂದು ಎದ್ದ. ಅದು ಯಾರ ಮಾತು ಎಂಬುದು ಆಡಿದ ಮೇಲೆ ಹೊಳೆಯಿತು.

ಕಂಡಕ್ಟರ್ ತಟ್ಟನೆ ತನ್ನ ಬಾಟಲಿ ಮುಂದೆ ಹಿಡಿದ. "ಇಲ್ಲೇ ಇದೆ ತಗೊಳ್ಳಿ ಸ್ವಾಮಿ, ಯಾಕೆ ಏಳ್ತೀರಾ?" ಮೇಷ್ಟ್ರು ಕೂಡ ಚೀಲದಲ್ಲಿ ಸದಾ ಒಂದು ಬಾಟಲಿ ಇಟ್ಟುಕೊಳ್ಳುತ್ತಿದ್ದ, ಇದೇ ಕಾರಣಕ್ಕೆ.

"ನನಗೆ ಬಿಸಿನೀರೇ ಆಗ್ಬೇಕು" ಎಂದು ಇನ್ನೊಂದು ಸುಳ್ಳು ಹೇಳಿ ಒಳಗೆ ನಡೆದ.

ನಡುಮನೆ ದಾಟುವಾಗ ಹೆಂಡತಿಯ ದನಿ ಕೇಳಿಸಿತು. ಮಾತು ಬಿಡಿಸಿ ಕೇಳುತ್ತಿರಲಿಲ್ಲ, ಆದರೆ ಆ ದನಿ ಸರಾಗವಾಗಿ ಹರಿಯುತ್ತಿತ್ತು. ಏನನ್ನೋ ಹೇಳಿ ತಾನೇ ನಕ್ಕು ಮತ್ತೆ ಹೇಳುತ್ತಿದ್ದಳು. ಅವಳಿಗೆ ಇಂಥದೊಂದು ದನಿ ಇದೆ ಎಂಬುದನ್ನೇ ಅವನು ಮರೆತಿದ್ದ. ಮಾತು ಸ್ಪಷ್ಟವಾಗಲಿ ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟ. ಮನೆಯೊಳಗೆ ಹಾಕುವ ಚಪ್ಪಲಿ ನೆಲಕ್ಕೆ ಉಜ್ಜಿ ಚರ್ ಎಂದಿತು.

"...ಬಾರ್ ಸೋಪು ಬೇಗ ಕರಗಿಹೋಗುತ್ತೆ, ಅದಕ್ಕೇ ಪುಡಿ ತರ್ತೀವಿ" ಎಂದಿತು ಅದೇ ದನಿ, ಉಸಿರೂ ಕಡಿಯದೆ. "ಪುಡಿ ಆದ್ರೆ ಕೈ ಉರಿಯುತ್ತೆ. ಆದ್ರೂ ಕೊಳೆ ಚೆನ್ನಾಗಿ ಬಿಡುತ್ತೆ."

ಪ್ರಶ್ನೆ ಕೇಳಲು ಬಂದವಳ ದನಿ, ಸ್ವಲ್ಪ ತಡವರಿಸಿ: "ಹಾಂ... ಪುಡಿ. ಬಣ್ಣದ ಬಟ್ಟೆಗೂ ಅದೇನಾ?"

ಮೊದಲು ತಿರುಗಿದವಳು ಅವನ ಹೆಂಡತಿ.

ಮೇಷ್ಟ್ರ ಮೈ ಕಾದ ಹಾಗಾಯಿತು, ಕಿವಿಯ ತುದಿಯವರೆಗೂ. ಹಿಂದಿರುಗಿ ಹೋಗುವ ಹಾಗಿರಲಿಲ್ಲ. ನೀರಿಗೆ ಎಂದು ಬಂದವನು ನೀರು ಕುಡಿಯಲೇಬೇಕು. ಅಡುಗೆಮನೆಗೆ ಹೋದ. ಇಬ್ಬರು ಹೆಂಗಸರೂ ಸೋಪಿನ ಬಗ್ಗೆ ಬಹಳ ಗಂಭೀರವಾಗಿ ಮಾತಾಡುತ್ತಿದ್ದರು. ಹೆಂಡತಿ ತಲೆ ಎತ್ತಲಿಲ್ಲ. ಮಡಿಲಲ್ಲಿಟ್ಟ ಕೈಗಳನ್ನು ನೋಡುತ್ತ, ಪುಡಿ, ನೊರೆ, ಬಿಸಿಲು ಎಂದು ಹೇಳುತ್ತಿದ್ದಳು, ತನ್ನ ಮನೆಗೆ ಯಾರೋ ಅಪರಿಚಿತ ಬಂದಂತೆ. ಅವನು ಲೋಟ ತುಂಬಿಸಿ ಗಟಗಟ ಕುಡಿದ. ಬಿಸಿನೀರಲ್ಲ, ಕೊಳಾಯಿಯದೇ. ಕುಡಿಯುವ ಸದ್ದು ಅವನಿಗೇ ಅಸಹ್ಯವಾಗಿ ಕೇಳಿಸಿತು.

ಅವನು ಮೆಟ್ಟಿಲಿಗೆ ಮರಳಿದಾಗ ಕಂಡಕ್ಟರ್ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಮಂಡಿಯ ಕಥೆ ಮುಂದುವರಿಸಲಿಲ್ಲ.

"ನೀರು ಸಿಕ್ತಾ?" ಎಂದು ಮೆಲ್ಲಗೆ ಕೇಳಿದ.

"ಸಿಕ್ತು."

ಆ ನೋಟ ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಎಷ್ಟೋ ಗಂಡಂದಿರನ್ನು ಅವನೇ ಹಾಗೆ ನೋಡಿದ್ದ. ಕೆಲಸ ಮುಗಿಸಿ ಬಸ್ಸಿನಲ್ಲಿ ಹೋಗುವಾಗ ಈ ಇಬ್ಬರೂ ತಮ್ಮತಮ್ಮದನ್ನು ಹೇಳಿಕೊಳ್ಳುತ್ತಾರೆ. ಅವನು ನೀರಿಗೆ ಎದ್ದ, ಎನ್ನುತ್ತಾನೆ ಇವನು. ಅವಳೇ ಮೊದಲು ತಿರುಗಿದಳು, ಎನ್ನುತ್ತಾಳೆ ಆಕೆ. ಆಮೇಲೆ ಇಬ್ಬರಲ್ಲೊಬ್ಬರು "ಪಾಪ" ಅಂತಾರೆ. ತಾನು ಅಷ್ಟು ಧಾರಾಳವಾಗಿ ಹಂಚಿದ್ದ ಆ ಪದ ತನ್ನ ಹೆಂಡತಿಯ ಪಾಲಿಗೂ ಬಂತಲ್ಲ ಎಂದು ನೆನೆದು ಅವನಿಗೆ ನೆಲ ನೋಡುತ್ತ ಕೂರುವುದು ಬಿಟ್ಟು ಬೇರೇನೂ ತೋಚಲಿಲ್ಲ. ನಾಚಿಕೆಯಾಯಿತು. ಹಿಂದೆ ಎಂದೂ ಆಗದಷ್ಟು ನಾಚಿಕೆಯಾಯಿತು.

ಅವರು ಹೋದರು. ಹೆಂಡತಿ ಹಗ್ಗದಿಂದ ತೆಗೆದ ಬಟ್ಟೆಗಳನ್ನು ಮಂಚದ ಮೇಲೆ ಹರವಿಕೊಂಡು ಮಡಿಸತೊಡಗಿದಳು. ಅವನು ಬಾಗಿಲಲ್ಲಿ ನಿಂತ. ಪ್ರಶ್ನೆ ಕೇಳಿದವರು ಹೋದ ಮೇಲೆ ಗಂಡ ಏನು ಕೇಳುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು, ಅದನ್ನು ಕೇಳಬಾರದು ಎಂಬುದೂ ಗೊತ್ತಿತ್ತು. ಆದರೂ ಬಾಯಿಂದ ಅದೇ ಬಂತು. "ನಿನ್ನಿಷ್ಟ" ಅಂದ ಮೇಲೆ ಅವಳೊಡನೆ ಅವನಾಡಿದ ಮೊದಲ ಇಡೀ ಮಾತು ಅದು.

"ಏನೇನು ಕೇಳಿದ್ರು?"

"ಸೋಪಿನ ವಿಷಯ."

"ನನ್ನ ಕೆಲಸ ಏನು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು" ಎಂದಳು. "ಅದಕ್ಕೇ, ನೀವೊಬ್ರು ಎದ್ದು ಬರಲ್ಲ ಅಂದ್ಕೊಂಡಿದ್ದೆ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ದೊಡ್ಡ ಹೊದಿಕೆಯೊಂದನ್ನು ಎತ್ತಿಕೊಂಡು, ಒಬ್ಬಳಿಂದ ಆಗದೆ, ಇನ್ನೊಂದು ತುದಿಯನ್ನು ಅವನತ್ತ ಚಾಚಿದಳು. ಅವನು ಹಿಡಿದ. ಕೊಡವಿದರು, ಎಳೆದರು, ಮಡಿಕೆ ಸೇರಿಸಲು ಒಬ್ಬರ ಹತ್ತಿರ ಒಬ್ಬರು ಬಂದರು. ಮುಖಕ್ಕೆ ಮುಖ ಎದುರಾದಾಗ ಅವಳು ಹೇಳಿದಳು:

"ಸೋಮವಾರದಿಂದ ಅಂಗಡಿಗೆ ಹೋಗ್ತೀನಿ. ಯಜಮಾನಮ್ಮಂಗೆ ಹೇಳಿ ಆಯ್ತು. ಅತ್ತೆನೂ ಹೋಗು ಅಂದ್ರು."

ಅವನು ಹೊದಿಕೆಯ ತುದಿ ಹಿಡಿದು ನಿಂತೇ ಇದ್ದ.

"ನೀವು ಮಾತು ಬಿಟ್ಟಿದ್ದೀರಲ್ಲ, ಈ ಸಲ ಎಷ್ಟು ದಿನ ಅಂತ ಮೊದ್ಲೇ ಹೇಳ್ಬಿಡಿ. ಅಷ್ಟಕ್ಕೆ ಮನಸ್ಸು ಗಟ್ಟಿ ಮಾಡ್ಕೋತೀನಿ."

ಹಾಲಿನವನು ನಾಳೆಗೆ ಎಷ್ಟು ಎಂದು ಕೇಳುವ ಹಾಗೆ ಕೇಳಿದಳು. ಉತ್ತರಕ್ಕೆ ಕಾದಳು ಕೂಡ.

ಯಾವ ಗಂಡನಿಗೂ ತಕ್ಕ ಮಾತು ಇಟ್ಟುಕೊಂಡಿದ್ದ ಮೇಷ್ಟ್ರು ಬಾಯಿ ತೆರೆದ. ಮೊದಲು ನಾಲಗೆಗೆ ಬಂದದ್ದು "ನಿನ್ನಿಷ್ಟ". ಅದನ್ನು ನುಂಗಿಕೊಂಡ. "ಹೋಗು" ಎನ್ನೋಣವೆಂದರೆ ಅವಳು ಅಪ್ಪಣೆ ಕೇಳಿರಲಿಲ್ಲ. "ತಪ್ಪಾಯ್ತು" ಎಂಬುದೊಂದು ಉಳಿದಿತ್ತು. ಅದು ಗಂಟಲವರೆಗೆ ಬಂತು, ನಾಚಿಕೆ ಅದನ್ನು ಅಲ್ಲೇ ಹಿಡಿದುಕೊಂಡಿತು. ಬೇಕೆಂದು ಸುಮ್ಮನಿದ್ದ ದಿನಗಳಲ್ಲಿ ಅವನ ಮುಖ ಹೇಗಿರುತ್ತಿತ್ತೋ ಈಗಲೂ ಹಾಗೇ ಕಾಣುತ್ತಿತ್ತು.

ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ, ಗೊತ್ತಾಯಿತು ಎಂಬಂತೆ ತಲೆಯಾಡಿಸಿ, ಅವನ ಕೈಯಿಂದ ಹೊದಿಕೆಯ ತುದಿಯನ್ನು ಮೆಲ್ಲನೆ ಬಿಡಿಸಿಕೊಂಡು, ಉಳಿದ ಮಡಿಕೆಯನ್ನು ಒಬ್ಬಳೇ ಮುಗಿಸಿದಳು.