ಹದದ ಮೇಸ್ತ್ರಿಯ ಟಾರ್ಕ್ ವ್ರೆಂಚ್

ಅಂಗಡಿಯವನು ಗಾಜಿನ ಮೇಜಿನ ಮೇಲೆ ಗ್ಯಾರೇಜು ಉಪಕರಣಗಳ ಎರಡು ಸೆಟ್ಟು ಬಿಚ್ಚಿಟ್ಟು, "ಅಣ್ಣಾ, ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಇದು ನಿಮ್ಮ ಮೊದಲ್ನೇ ಸಂಬಳದ ತನಕ ಬರುತ್ತೆ. ನೋಡ್ಕೊಳ್ಳಿ" ಎಂದ.

ಮೇಸ್ತ್ರಿ ನಗಲಿಲ್ಲ. ಇಪ್ಪತ್ತಾರು ವರ್ಷ ದುಡಿದ ಗ್ಯಾರೇಜು ಮುಚ್ಚಿಹೋಗಿ, ಏಳು ತಿಂಗಳಿಂದ ಮನೆಯಲ್ಲಿ ಕೂತಿದ್ದ. ಈಗ ಒಂದು ಸಾಗಣೆ ಕಂಪನಿಯ ದೊಡ್ಡ ವರ್ಕ್‌ಶಾಪಿನಿಂದ ಕರೆ ಬಂದಿತ್ತು. ಸೋಮವಾರ ಒಂದು ದಿನ ಕೆಲಸ ಮಾಡಿ ತೋರಿಸಬೇಕು, ಹಿಡಿಸಿದರೆ ಕಾಯಂ. ಅಲ್ಲಿ ಪ್ರತಿಯೊಬ್ಬ ಮೆಕ್ಯಾನಿಕ್ ತನ್ನ ಪೆಟ್ಟಿಗೆ ತಾನೇ ತರುವುದು ರೂಢಿ. ಐವತ್ತೆರಡರ ವಯಸ್ಸಿನಲ್ಲಿ ಇನ್ನೊಂದು ಕರೆ ಬರುತ್ತದೆಂಬ ಭ್ರಮೆ ಅವನಿಗೂ ಇರಲಿಲ್ಲ, ಪಕ್ಕದಲ್ಲಿ ನಿಂತಿದ್ದ ಹೆಂಡತಿಗೂ ಇರಲಿಲ್ಲ.

ಸ್ಪ್ಯಾನರುಗಳ ವಿಷಯದಲ್ಲಿ ಅವನು ಹಿಂದೆಮುಂದೆ ನೋಡಲಿಲ್ಲ. ಕಳಪೆ ಸ್ಪ್ಯಾನರಿನ ಬಾಯಿ ಅಗಲವಾಗುತ್ತದೆ, ನಟ್ಟಿನ ಮೂಲೆ ಸವೆಯುತ್ತದೆ, ಕೈ ಜಾರಿ ಗೆಣ್ಣಿನ ಚರ್ಮ ಕಿತ್ತುಬರುತ್ತದೆ. ಈ ಪಾಠವೆಲ್ಲ ಅವನ ಬಲಗೈಯ ಮೇಲೇ ಬರೆದಿತ್ತು. ಸ್ಪ್ಯಾನರು, ಸಾಕೆಟ್ಟು, ಸ್ಕ್ರೂಡ್ರೈವರು, ಎಲ್ಲವನ್ನೂ ಮೇಲ್ದರ್ಜೆಯದೇ ಆರಿಸಿದ. ಕೊನೆಗೆ ಉಳಿದದ್ದು ಟಾರ್ಕ್ ವ್ರೆಂಚ್. ಎಷ್ಟು ಬಿಗಿ ಬೇಕೋ ಆ ಅಂಕಿಗೆ ತಿರುಗಿಸಿಟ್ಟರೆ, ಅಷ್ಟು ಬಿಗಿಯಾದ ಕೂಡಲೇ ಟಕ್ ಎಂದು ಹೇಳುವ ಉದ್ದ ಹಿಡಿ. ಅದರಲ್ಲಿ ಅಗ್ಗದ್ದನ್ನು ಎತ್ತಿಕೊಂಡ.

"ಎಲ್ಲಾ ಒಳ್ಳೇದು ತಗೊಂಡು ಇದೊಂದು ಯಾಕ್ರೀ ಹೀಗೆ? ಬೇಕಾದ್ರೆ ಸ್ಕ್ರೂಡ್ರೈವರ್ ಕಮ್ಮೀದು ತಗೊಳ್ಳಿ" ಎಂದಳು ಹೆಂಡತಿ.

"ಅದು ಬರೀ ಟಕ್ ಅನ್ನುತ್ತೆ ಕಣೇ. ಟಕ್ ಅನ್ನೋದ್ರಲ್ಲಿ ಒಳ್ಳೇ ಟಕ್ಕು, ಕೆಟ್ಟ ಟಕ್ಕು ಅಂತ ಇರುತ್ತಾ? ಇಷ್ಟು ವರ್ಷದಲ್ಲಿ ನಾನದನ್ನ ಮುಟ್ಟಿದ್ದೇ ಅಪರೂಪ."

"ಮುಟ್ಟೇ ಇಲ್ಲ ಅಂದ್ಮೇಲೆ ಅದರ ಗುಣ ನಿಮಗೆ ಹೇಗ್ರೀ ಗೊತ್ತು?"

ಅಂಗಡಿಯವನು ಕೆಮ್ಮಿದಂತೆ ನಕ್ಕ. ಮೇಸ್ತ್ರಿ ಪೆಟ್ಟಿಗೆ ಮುಚ್ಚಿದ.

ಅವನ ಮಾತು ಜಂಬದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಗ್ಯಾರೇಜಿನಲ್ಲಿ ಅವನನ್ನು ಹದದ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೋಲ್ಟು ಬಿಗಿಯುವಾಗ ಮಣಿಕಟ್ಟಿನಲ್ಲಿ ಏನೋ ಒಂದು 'ಸಾಕು' ಅನ್ನುತ್ತಿತ್ತು. ಅಲ್ಲಿಗೆ ಅವನು ಕೈ ತೆಗೆಯುತ್ತಿದ್ದ. ಆ 'ಸಾಕು' ಒಮ್ಮೆಯೂ ಸುಳ್ಳಾದದ್ದಿಲ್ಲ.

ಸೋಮವಾರ ಸೂಪರ್‌ವೈಸರ್ ಅವನನ್ನು ಮರ್ಯಾದೆಯಿಂದಲೇ ಬರಮಾಡಿಕೊಂಡ. ವಯಸ್ಸಿನಲ್ಲಿ ಮೇಸ್ತ್ರಿಯ ಕೊನೆಯ ತಮ್ಮನಂತಿದ್ದ.

"ನಿಮ್ಮ ಬಗ್ಗೆ ಕೇಳಿದೀನಿ ಮೇಸ್ತ್ರಿ. ಒಂದೇ ಮಾತು. ಇಲ್ಲಿ ಕೈಲೆಕ್ಕ ನಡೆಯಲ್ಲ. ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ ಬಿಗಿ."

"ಆಗಲಿ ಸಾರ್."

ಪಕ್ಕದ ಜಾಗದ ಕನ್ನಡಕದ ಮೆಕ್ಯಾನಿಕ್ ಬಂದು ಪೆಟ್ಟಿಗೆಯೊಳಗೆ ಇಣುಕಿದ. "ಓಹೋ, ಎಲ್ಲಾ ಮದುವೆ ಗಂಡಿನ ಹಾಗೆ ಮಿಂಚ್ತಾ ಇವೆಯಲ್ಲ! ಇದ್ಯಾರಪ್ಪ, ಕರೀದೇ ಬಂದಿರೋ ನೆಂಟ?" ಎಂದು ಟಾರ್ಕ್ ವ್ರೆಂಚನ್ನು ಎತ್ತಿ ತೂಗಿ ನೋಡಿದ. ಮತ್ತೆ ದನಿ ತಗ್ಗಿಸಿ, "ಬೇಕಾದ್ರೆ ನಂದು ತಗೊಳ್ಳಿ ಅಣ್ಣ. ಸಂಕೋಚ ಬೇಡ" ಎಂದ.

ಮೊದಲ ದಿನವೇ ಕೈಯೊಡ್ಡಿದರೆ ನೋಡಿದವರು ಏನೆಂದುಕೊಂಡಾರು? "ಬೇಡ ಬಿಡಿ, ನಂದಿದೆ" ಎಂದ ಮೇಸ್ತ್ರಿ.

ಮಧ್ಯಾಹ್ನದವರೆಗೆ ಕೆಲಸ ನೀರು ಕುಡಿದಂತೆ ಸಾಗಿತು. ಹೊಸ ಸ್ಪ್ಯಾನರುಗಳು ನಟ್ಟನ್ನು ಕಚ್ಚಿ ಹಿಡಿಯುತ್ತಿದ್ದವು. ಆಮೇಲೆ ಒಂದು ವ್ಯಾನಿನ ಎಂಜಿನ್ನಿಗೆ ಅದರ ಮೇಲ್ಮುಚ್ಚಳವಾದ ಹೆಡ್ ಕೂರಿಸುವ ಕೆಲಸ ಬಂತು. ಹತ್ತು ಬೋಲ್ಟು, ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಮೊದಲ ಎರಡು ಸುತ್ತಿನಲ್ಲಿ ವ್ರೆಂಚ್ ಸರಿಯಾಗಿಯೇ ಟಕ್ ಅಂದಿತು. ಮೂರನೆಯ ಸುತ್ತಿಗೆ ಪುಸ್ತಕ ನೋಡಿ ದೊಡ್ಡ ಅಂಕಿಗೆ ತಿರುಗಿಸಿ, ಮೊದಲ ಬೋಲ್ಟಿಗೆ ಹಾಕಿ ಎಳೆದ.

ಮಣಿಕಟ್ಟು 'ಸಾಕು' ಅಂದಿತು. ವ್ರೆಂಚ್ ಏನೂ ಅನ್ನಲಿಲ್ಲ.

ಮೇಸ್ತ್ರಿ ನಿಂತ. ನಾಲ್ಕು ಹೆಜ್ಜೆ ಆಚೆ ಸೂಪರ್‌ವೈಸರ್ ಪುಸ್ತಕ ಹಿಡಿದು ನೋಡುತ್ತಿದ್ದ. ಏಳು ತಿಂಗಳು ಸುಮ್ಮನಿದ್ದ ಕೈ ಇದು, ಇದಕ್ಕೆ ಮರೆವು ಬಂದಿರಬಾರದೇಕೆ? ಕೈಲೆಕ್ಕ ಬೇಡ ಅಂದಿದ್ದಾರೆ. ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಅಂದಾರು. ಅಂಕಿ ಇಟ್ಟದ್ದು ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿದ. ಸರಿಯಿತ್ತು. ಇನ್ನೊಂದು ಬೆರಳಿನಷ್ಟು ಎಳೆದ. ಇನ್ನೂ ಒಂದಿಷ್ಟು.

ಕೈಗೆ ಆತುಕೊಂಡಿದ್ದ ಭಾರ ಒಮ್ಮೆಲೇ ಇಳಿದುಹೋಯಿತು. ಬೆಣ್ಣೆಯಲ್ಲಿ ಸೌಟು ಆಡಿಸಿದ ಹಾಗೆ ಬೋಲ್ಟು ಸುಮ್ಮನೆ ತಿರುಗತೊಡಗಿತು. ಬಿಚ್ಚಿ ಎತ್ತಿದಾಗ, ಎಂಜಿನ್ನಿನೊಳಗೆ ಬೋಲ್ಟು ಕಚ್ಚಿ ಕೂರುವ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು, ತಂತಿಯ ಸುರುಳಿಯಂತೆ ಬೋಲ್ಟಿಗೆ ಸುತ್ತಿಕೊಂಡು ಬಂತು.

ಸೂಪರ್‌ವೈಸರ್ ಕೂಗಾಡಲಿಲ್ಲ. ವ್ರೆಂಚನ್ನು ಒಯ್ದು ಗೋಡೆಯ ಪಕ್ಕದ ಪರೀಕ್ಷೆಯ ಯಂತ್ರಕ್ಕೆ ಹಾಕಿ ನೋಡಿ ಬಂದ. "ಸಣ್ಣ ಅಂಕೀಲಿ ಸರಿ ಹೇಳುತ್ತೆ. ದೊಡ್ಡ ಅಂಕೀಲಿ ದಾಟಿದ್ರೂ ಬಾಯಿಬಿಡಲ್ಲ. ಅಗ್ಗದ್ರ ಹಣೆಬರಹವೇ ಇಷ್ಟು." ವ್ರೆಂಚನ್ನು ಮೇಸ್ತ್ರಿಯ ಕೈಗಿತ್ತು ಕೇಳಿದ, "ನಿಮ್ಮ ಕೈಗೆ ಗೊತ್ತಾಗ್ಲಿಲ್ವಾ?"

ಇಲ್ಲ ಅಂದಿದ್ದರೆ ತಪ್ಪೆಲ್ಲ ಆ ಕಬ್ಬಿಣದ ತುಂಡಿನ ತಲೆಗೆ ಕಟ್ಟಬಹುದಿತ್ತು. ಮೇಸ್ತ್ರಿಗೆ ಅದು ತಿಳಿಯದೆ ಇರಲಿಲ್ಲ.

"ಗೊತ್ತಾಯ್ತು ಸಾರ್."

"ಮತ್ತೆ?"

"ಕೈಲೆಕ್ಕ ಬೇಡ ಅಂದಿದ್ರಿ."

"ಬೇಡ ಅಂದೆ. ಅನುಮಾನ ಬಂದ್ರೆ ಕೇಳಬೇಡಿ ಅಂದ್ನಾ?" ಸೂಪರ್‌ವೈಸರ್ ಪುಸ್ತಕ ಮುಚ್ಚಿದ. "ಗೊತ್ತಿಲ್ಲದೋರಿಗೆ ಕಲಿಸಬಹುದು ಮೇಸ್ತ್ರಿ. ಗೊತ್ತಿದ್ದೂ ಎಳೆದೋರ ಕೈಗೆ ನಾಳೆ ನಾನು ಬ್ರೇಕ್ ಕೆಲಸ ಹೇಗೆ ಕೊಡ್ಲಿ, ಹೇಳಿ?"

ಮೇಸ್ತ್ರಿ ಸ್ಪ್ಯಾನರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದ. ಕನ್ನಡಕದವನು ಪೆಟ್ಟಿಗೆಯ ಒಂದು ಕಡೆ ಹಿಡಿದು ಗೇಟಿನ ತನಕ ಬಂದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಅವನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು. ನಾನು ಹೇಳಿರಲಿಲ್ಲವೇ ಎಂದು ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು. ಕೈಗೊಂದು ಕೆಲಸ ಸಿಕ್ಕರೆ ಸರಿಹೋದಾನು ಎಂದುಕೊಂಡಳೋ ಏನೋ, "ಬೆಳಿಗ್ಗೆಯಿಂದ ಅಡುಗೆಮನೆ ನಲ್ಲಿ ಬುಡದಲ್ಲಿ ತೊಟ್ಟಿಕ್ತಾ ಇದೆ. ಸ್ವಲ್ಪ ನೋಡ್ತೀರಾ?" ಎಂದಳು.

ಮೇಸ್ತ್ರಿ ಸ್ಪ್ಯಾನರ್ ಹಿಡಿದು ನಲ್ಲಿಯ ಬುಡಕ್ಕೆ ಹಾಕಿದ. ಒಂದಿಷ್ಟು ತಿರುಗಿಸಿ ಕಾದ. ಮಣಿಕಟ್ಟು ಏನೂ ಹೇಳಲಿಲ್ಲ. ಇನ್ನಷ್ಟು ತಿರುಗಿಸಿದರೆ ಪೈಪು ಸೀಳುತ್ತದೋ, ಬಿಟ್ಟರೆ ನೀರು ಸೋರುತ್ತದೋ, ಎರಡೂ ಅವನಿಗೆ ಒಂದೇ ಸಮ ನಿಜವೆನ್ನಿಸಿತು. ಸ್ಪ್ಯಾನರನ್ನು ಹೆಂಡತಿಯ ಕೈಗೆ ಕೊಟ್ಟ.

ಅವಳು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. "ಇಷ್ಟು ಸಾಕೇನ್ರೀ?"

"ಗೊತ್ತಿಲ್ಲ ಕಣೇ."

ಅವಳು ತಿರುಗಿಸುವುದನ್ನು ನಿಲ್ಲಿಸಿದಳು. ನೀರಿನ್ನೂ ತೊಟ್ಟಿಕ್ಕುತ್ತಿತ್ತು. ಒಂದು ಪಾತ್ರೆ ತಂದು ಅದರ ಕೆಳಗಿಟ್ಟಳು.