ಕರಾವಳಿಯ ಐದು ಊರುಗಳು

ಮೂರನೆಯ ಯಂತ್ರ ಉತ್ತರ ಕೊಡಲು ತಡಮಾಡಿತು. ಕುಸುಮ ರಿಜಿಸ್ಟರಿನ ಮೇಲೆ ಪೆನ್ನು ಹಿಡಿದುಕೊಂಡೇ ಕಾದಳು. ಪರದೆಯಲ್ಲಿ ಚಿಂಚವಾಡದ ಸಾಲು ಬಂದಿತ್ತು, ಪಿಂಪ್ರಿಯದೂ ಬಂದಿತ್ತು; ಖಡಕಿಯ ಜಾಗದಲ್ಲಿ ಮಾತ್ರ ಒಂದು ನಕ್ಷತ್ರದ ಗುರುತು ಸುಮ್ಮನೆ ಕೂತಿತ್ತು.

"ಏಳು ಮಾರಾಯ್ತಿ," ಎಂದಳು ಮೆಲ್ಲಗೆ.

ಖಡಕಿ ಎದ್ದಿತು. ಅದರ ಬೆನ್ನಿಗೆ ಶಿವಾಜಿನಗರ, ಆಮೇಲೆ ಮುಂಬಯಿ. ಐದು ಟಿಕ್ ಹಾಕಿ, ಬೆಳಗ್ಗೆ ಎಂಟು ನಲವತ್ತು ಎಂದು ಬರೆದಳು. ಕಂಪನಿಯ ಕೆಲಸ ಅಲ್ಲಿಗೆ ಮುಗಿಯಿತು. ಆದರೂ ಪರದೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ ಓದಿದಳು. ಈ ಎರಡನೆಯ ಓದು ಅವಳ ಸ್ವಂತದ್ದು.

ಇಂಟರ್ನೆಟ್ಟಿನಲ್ಲಿ ಹೋಗುವ ಸಂದೇಶ ಯಾವ ಯಾವ ಯಂತ್ರವನ್ನು ದಾಟಿ ಹೋಗುತ್ತದೆ ಎಂದು ನೋಡಲು ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ದಾರಿಯ ಯಂತ್ರಗಳು ಒಂದರ ಕೆಳಗೊಂದು ತಮ್ಮ ಹೆಸರು ಹೇಳುತ್ತವೆ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ. ಪುಣೆಯ ಈ ಚಿಕ್ಕ ಇಂಟರ್ನೆಟ್ ಕಂಪನಿಯ ಐದು ಯಂತ್ರಗಳಿಗೆ 1999ರಲ್ಲಿ ಹೆಸರಿಟ್ಟವಳು ಕುಸುಮ. ಚಿಂಚವಾಡದ್ದು 'ಊಟ'. ಪಿಂಪ್ರಿಯದು 'ಆಯಿತಾ'. ಖಡಕಿಯದು 'ಅಂತ'. ಶಿವಾಜಿನಗರದ್ದು 'ಯಾರೂ'. ಮುಂಬಯಿಯದು 'ಕೇಳಲಿಲ್ಲ'. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಅವು ಯಾವುದೋ ಔಷಧದ ಹೆಸರಿನ ಹಾಗೆ ಕಾಣುತ್ತಿದ್ದವು. ಆರು ವರ್ಷದಿಂದ ಚಿಂಚವಾಡದ ಯಾವ ಮನೆಯಿಂದ ಯಾರು ಯಾರಿಗೆ ಏನು ಕಳಿಸಿದರೂ, ಅದು ಮದುವೆಯ ಫೋಟೋ ಆಗಲಿ, ಕೆಲಸದ ಅರ್ಜಿಯಾಗಲಿ, ನಿಮಗೆ ಲಾಟರಿ ಹೊಡೆದಿದೆ ಎಂಬ ಸುಳ್ಳಾಗಲಿ, ಈ ವಾಕ್ಯವನ್ನು ದಾಟಿಕೊಂಡೇ ಲೋಕಕ್ಕೆ ಹೋಗುತ್ತಿತ್ತು.

ಹೆಸರಿಡುವ ಕೆಲಸ ಅವಳಿಗೆ ಸಿಕ್ಕಿದ್ದು ಅದು ಬೇರೆ ಯಾರಿಗೂ ಬೇಡವಾದದ್ದರಿಂದ. ಗಂಡನ ಹೋಟೆಲಿನ ಪಕ್ಕದ ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದವಳು, ಹಳೆಯ ಬಿ.ಎಸ್ಸಿ.ಯ ಧೂಳು ಕೊಡವಿ ಪಿಂಪ್ರಿಯಲ್ಲಿ ಕಂಪ್ಯೂಟರ್ ಕಲಿತು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದಿದ್ದಳು. ಮೊದಲ ತಿಂಗಳು ದಪ್ಪ ದಪ್ಪ ಕೈಪಿಡಿಗಳನ್ನು ಓದಿದಳು. ಜಗತ್ತಿನ ಈ ದೊಡ್ಡ ಬಲೆಯನ್ನು ಹೆಣೆದ ಗಂಭೀರ ಗಂಡಸರು ಅದರ ಸಂದುಗಳಲ್ಲಿ ತಮಾಷೆ ಬಚ್ಚಿಟ್ಟಿದ್ದಾರೆ ಎಂಬುದು ಅವಳಿಗೆ ಗೊತ್ತಾದದ್ದು ಆಗ. ಪಾರಿವಾಳದ ಕಾಲಿಗೆ ಸಂದೇಶ ಕಟ್ಟಿ ಕಳಿಸಲು ಕಲಂವಾರು ನಿಯಮಾವಳಿ ಇತ್ತು. ಕಾಫಿ ಮಾಡು ಎಂದು ಆಜ್ಞೆ ಬಂದರೆ, 'ನಾನು ಚಹಾದ ಕೆಟಲು, ನನ್ನಿಂದಾಗದು' ಎಂದು ಉತ್ತರಿಸಲು ಒಂದು ಸಂಖ್ಯೆಯೇ ನಿಗದಿಯಾಗಿತ್ತು. ಹೋಟೆಲಿನ ಮನೆಯಲ್ಲಿ ಹದಿನೇಳು ವರ್ಷ ಕಳೆದಿದ್ದ ಕುಸುಮ ಆ ಸಂಖ್ಯೆಯನ್ನು ಬಹಳ ಹೊತ್ತು ನೋಡಿದಳು. ಆಗದು ಎನ್ನಲು ಒಂದು ಕೆಟಲಿಗೆ ಅವಕಾಶವಿತ್ತು.

ಗಂಡ ಮೋಹನದಾಸನ ಹೋಟೆಲು ಚಿಂಚವಾಡ ಸ್ಟೇಷನ್ನಿನ ಎದುರಿಗೆ. ಮನೆ ಅದರ ಮಹಡಿಯಲ್ಲಿ. ಹೋಟೆಲಿನವರ ಮನೆಯಲ್ಲಿ ಬೇರೆ ಒಲೆ ಹಚ್ಚುವುದಿಲ್ಲ, ಊಟ ಕೆಳಗಿನಿಂದ ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ಅವಳು ಬೆಳಗ್ಗೆ ಮೇಲೆ ತೆಂಗಿನಕಾಯಿ ತುರಿಯುತ್ತಿದ್ದಳು, ಮಧ್ಯಾಹ್ನ ಕೆಳಗೆ ಗಲ್ಲೆಯಲ್ಲಿ ಕೂರುತ್ತಿದ್ದಳು. ಕೆಳಗಿನ ಅಡುಗೆಯವರು, ಅಮ್ಮ ಮೇಲೆ ಉಂಡಿರಬೇಕು ಅಂದುಕೊಳ್ಳುತ್ತಿದ್ದರು. ಮೇಲಿದ್ದ ಅತ್ತೆ ಪಂಕಜಾಕ್ಷಿ, ಕೆಳಗೇ ಉಂಡಿರಬೇಕು, ಇಡೀ ಹೋಟೆಲೇ ಉಂಟಲ್ಲ ಅಂದುಕೊಳ್ಳುತ್ತಿದ್ದರು. ಮೋಹನದಾಸನಿಗೆ ಯಾವ ಮೇಜಿನ ಗಿರಾಕಿಗೆ ಇನ್ನೊಂದು ಬಟ್ಟಲು ಸಾರು ಬೇಕು ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ಆ ನೋಟ ಗಲ್ಲೆಯ ಕಡೆ ತಿರುಗುತ್ತಿರಲಿಲ್ಲ. ಯಾರೂ ಕೆಟ್ಟವರಲ್ಲ. ದಿನಕ್ಕೆ ಆರುನೂರು ತಟ್ಟೆ ತೊಳೆಯುವ ಮನೆಯಲ್ಲಿ ಒಬ್ಬಳು ಹಸಿದಿರಬಹುದು ಎಂಬುದು ಹೊಳೆಯುವ ವಿಷಯವಲ್ಲ, ಅಷ್ಟೇ. ನೀರಿನ ಟ್ಯಾಂಕಿಗೆ ಬಾಯಾರಿಕೆಯೇ ಎಂದು ಯಾರು ವಿಚಾರಿಸುತ್ತಾರೆ?

ಹಾಗಾಗಿ ಅವಳು ಒಂದು ಹಳೆಯ ಬಿಲ್ಲಿನ ಬೆನ್ನಿಗೆ ಬರೆದಿದ್ದಳು: ಸೊಸೆಗೆ ಊಟ ಆಯಿತಾ ಅಂತ ಯಾರೂ ಕೇಳಲಿಲ್ಲ. ಎಣಿಸಿದರೆ ಆರು ಪದ. ಯಂತ್ರಗಳು ಐದೇ ಇದ್ದವು. ಯಾವ ಪದ ಬಿಡಬೇಕು ಎಂದು ಅವಳು ಹೆಚ್ಚು ಯೋಚಿಸಲೂ ಇಲ್ಲ. ಮನೆಯ ಅಭ್ಯಾಸದಂತೆ ಸೊಸೆಯನ್ನು ಬಿಟ್ಟಳು.

ಮಾಲೀಕ ಮನೋಹರ ಸಾಹೇಬರು ಪುಣೆಯ ಸದಾಶಿವ ಪೇಟೆಯವರು, ಕನ್ನಡ ಬಾರದು. ಪಟ್ಟಿ ನೋಡಿ ಮರಾಠಿಯಲ್ಲಿ ಕೇಳಿದ್ದರು, "ಕುಸುಮತಾಯಿ, ಇವೇನು?"

"ಊರುಗಳು, ಸಾಹೇಬ್. ನಮ್ಮ ಕಡೆಯವು. ಸಮುದ್ರದ ಹತ್ತಿರ."

ಸಾಹೇಬರಿಗೆ ಅದು ಎಷ್ಟು ಹಿಡಿಸಿತೆಂದರೆ, ಆಫೀಸನ್ನು ನವೀಕರಿಸಿದಾಗ ಐದು ಕೋಣೆಗಳ ಬಾಗಿಲಿಗೆ ಅವೇ ಹೆಸರುಗಳ ಹಿತ್ತಾಳೆ ಫಲಕ ಹೊಡೆಸಿದರು. 'ಊಟ' ಸಭೆಯ ಕೋಣೆಯಾಯಿತು. ಒಳಗೆ ತಿನಿಸು ತರಬಾರದು ಎಂಬ ಸೂಚನೆಯೂ ಅದರ ಬಾಗಿಲಲ್ಲೇ ಇತ್ತು. ಸಾಹೇಬರು ಸ್ವತಃ ಕೂರುತ್ತಿದ್ದದ್ದು 'ಯಾರೂ' ಎಂಬಲ್ಲಿ. ಕೊನೆಯದಾದ 'ಕೇಳಲಿಲ್ಲ' ಗಿರಾಕಿಗಳ ದೂರಿನ ವಿಭಾಗ. ಬಂದ ಅತಿಥಿಗಳಿಗೆಲ್ಲ ಸಾಹೇಬರು ಆ ಐದು ಊರುಗಳ ಮರಳು, ಮೀನು, ತೆಂಗಿನ ತೋಪುಗಳನ್ನು ವರ್ಣಿಸುತ್ತಿದ್ದರು. ಒಮ್ಮೆ ತಾವು ಅಲ್ಲಿಗೆ ಹೋಗಿಬಂದದ್ದಾಗಿಯೂ ಹೇಳಿದರು. ಕುಸುಮ ತಿದ್ದಲಿಲ್ಲ.

ಆದರೆ ಆ ಶುಕ್ರವಾರ ಆ ಹೆಸರುಗಳೇ ಅವಳಿಗೆ ಭಯ ಹುಟ್ಟಿಸಿದ್ದವು. ಕಂಪನಿಯನ್ನು ಬೆಂಗಳೂರಿನವರು ಕೊಂಡಿದ್ದರು. ತಾಂತ್ರಿಕ ವಿಭಾಗದ ಹನ್ನೆರಡು ಜನರಲ್ಲಿ ಏಳು ಜನರನ್ನು ಇಟ್ಟುಕೊಳ್ಳುತ್ತಾರೆ, ಪಟ್ಟಿ ಸೋಮವಾರ ಸಂಜೆ ಎಂದಾಗಿತ್ತು. ಪಟ್ಟಿ ಮಾಡಲು ಬಂದಿದ್ದವರು ರಾಮಲಿಂಗಪ್ಪ. ಕನ್ನಡದವರು. ಇಂಜಿನಿಯರಿಂಗ್ ಓದದ ನಲವತ್ತೈದರ ಹೆಂಗಸು ಇಂಥ ಪಟ್ಟಿಯಲ್ಲಿ ಉಳಿಯುವುದೇ ಕಷ್ಟ. ಮೇಲೆ ಮಾಲೀಕನಿಗೆ ಆರು ವರ್ಷ ಸುಳ್ಳು ಹೇಳಿ ಕಂಪನಿಯ ತಂತಿಯಲ್ಲಿ ಮನೆಯ ಗೋಳು ಬರೆದವಳು ಎಂದು ಗೊತ್ತಾದರೆ ಮುಗಿಯಿತು.

ಹನ್ನೊಂದು ಗಂಟೆಗೆ ರಾಮಲಿಂಗಪ್ಪ ಮೊಗಸಾಲೆಯಲ್ಲಿ ನಡೆದು ಬಂದರು. ಜೊತೆಗೆ ಮನೋಹರ ಸಾಹೇಬರು ಮತ್ತು ನಿತಿನ. ನಿತಿನ ಒಂದು ವರ್ಷದ ಹಿಂದೆ ಸೇರಿದ ಇಂಜಿನಿಯರು, ಮಂಗಳೂರಿನ ಕಡೆಯವನು, ಕೋಥರೂಡಿನಲ್ಲಿ ಮೂವರು ಗೆಳೆಯರ ಜೊತೆ ಬಾಡಿಗೆಗಿದ್ದ. ದಿನಾ ಆ ಬಾಗಿಲುಗಳ ಮುಂದೆ ಓಡಾಡಿದರೂ ಐದು ಹೆಸರನ್ನು ಜೋಡಿಸಿ ಓದಿದವನಲ್ಲ. ಕುಸುಮ ರಿಜಿಸ್ಟರು ಹಿಡಿದು ಹಿಂದೆ ನಿಂತಳು. ರಾಮಲಿಂಗಪ್ಪ ಮೊದಲ ಫಲಕ ಓದಿದರು. ಎರಡನೆಯದನ್ನು ಓದಿ ನಿಧಾನವಾದರು. ಮೂರನೆಯದಕ್ಕೆ ಹುಬ್ಬು ಏರಿತು. ಐದನೆಯದರ ಮುಂದೆ ನಿಂತು, ಇಡೀ ವಾಕ್ಯವನ್ನು ಗಟ್ಟಿಯಾಗಿ ಹೇಳಿ, ಗೋಡೆಗೆ ಕೈ ಊರಿಕೊಂಡು ನಕ್ಕರು.

"ಕರ್ನಾಟಕದ ಐದು ಹಳ್ಳಿಗಳು," ಮನೋಹರ ಸಾಹೇಬರು ಹಿಂದಿಯಲ್ಲಿ ಹೆಮ್ಮೆಯಿಂದ ವಿವರಿಸಿದರು. "ಅತಿ ಸುಂದರ. ನಾನು ನೋಡಿದ್ದೇನೆ."

"ಹೌದಾ ಸರ್? ಬಹಳ ಸುಂದರ," ಎಂದರು ರಾಮಲಿಂಗಪ್ಪ, ಕಣ್ಣೊರೆಸಿಕೊಂಡು. ಆಮೇಲೆ ನಿತಿನನ ಕಡೆ ತಿರುಗಿ ಕನ್ನಡದಲ್ಲಿ, "ಏನಪ್ಪಾ, ಇದು ನಿಂದೇ ಕಿತಾಪತಿನಾ? ಮಷೀನುಗಳಿಗೂ ಇದೇ ಹೆಸರಂತೆ?"

ನಿತಿನ ನಕ್ಕ. ಹೌದೂ ಅಲ್ಲ, ಅಲ್ಲವೂ ಅಲ್ಲದ ನಗು.

"ಪಾಪ ಕಣಯ್ಯ," ಅವರ ದನಿ ಮೆತ್ತಗಾಯಿತು. "ಊರು ಬಿಟ್ಟು ಬಂದ ಹುಡುಗ, ಅಮ್ಮ ಹತ್ರ ಇಲ್ಲ. ನಾನೂ ಪೂನಾದಲ್ಲಿ ಎರಡು ವರ್ಷ ಬರೀ ವಡಾಪಾವ್ ತಿಂದವನೇ. ಬಾ, ಇವತ್ತು ನಮ್ ಜೊತೆ ಊಟ ಮಾಡು." ಹೆಗಲ ಮೇಲೆ ಕೈ ಹಾಕಿ, ಕುಸುಮಳನ್ನು ಮರಾಠಿಯವಳೆಂದೇ ತಿಳಿದು ಹಿಂದಿಯಲ್ಲಿ ಹೇಳಿದರು, "ಮೇಡಂ, ಊಟಕ್ಕೆ ಒಂದು ಪ್ಲೇಟ್ ಜಾಸ್ತಿ ಹೇಳಿಬಿಡಿ."

ಊಟ ಬರುವುದು ಮೋಹನದಾಸನ ಹೋಟೆಲಿನಿಂದ. ಕುಸುಮ ಫೋನು ಮಾಡಿ ನಾಲ್ಕು ಊಟ ಎಂದು ಹೇಳಿದ್ದನ್ನು ಐದು ಮಾಡಿಸಿದಳು. "ಆಯ್ತು, ಕಳಿಸ್ತೇನೆ," ಎಂದು ಗಂಡ ಇಟ್ಟುಬಿಟ್ಟ. ಅವನಿಗೆ ಅದು ಮಧ್ಯಾಹ್ನದ ರಷ್ಷಿನ ಹೊತ್ತು.

ಊಟ ಮುಗಿಸಿ ಬಂದ ನಿತಿನ ಅವಳ ಮೇಜಿನ ಬಳಿ ನಿಂತ. ಮುಖದಲ್ಲಿ ಸಂಕೋಚವಿತ್ತು, ತೃಪ್ತಿಯೂ ಇತ್ತು.

"ಮೇಡಂ, ಎಂತ ಮಾಡುದು, ಅವರು ಹಾಗೇ ತಿಳ್ಕೊಂಡ್ರು. ನನ್ನ ಹೆಸರು ಪಟ್ಟಿಗೆ ಹಾಕಿದ್ದೇನೆ ಅಂದ್ರು. ಸೆನ್ಸ್ ಆಫ್ ಹ್ಯೂಮರ್ ಇರುವವರು ಬೇಕಂತೆ. ನನಗಿಂತ ಮುಂಚೆ ಇಲ್ಲಿದ್ದ ಯಾರೋ ಒಬ್ಬ ಇಟ್ಟದ್ದಿರ್ಬೇಕು ಅದು."

"ನಾನು ಇಟ್ಟದ್ದು," ಎಂದಳು ಕುಸುಮ.

ನಿತಿನ ಅವಳನ್ನು ಒಂದು ಕ್ಷಣ ನೋಡಿ, ಜೋರಾಗಿ ನಕ್ಕುಬಿಟ್ಟ. "ಸುಮ್ನಿರಿ ಮೇಡಂ, ತಮಾಷೆ ಮಾಡ್ಬೇಡಿ. ನಿಮ್ದೇ ಹೋಟ್ಲು ಉಂಟು. ನಿಮಗೆ ಊಟಕ್ಕೆಂತ ಕಮ್ಮಿ?"

ಅತ್ತೆಯದೇ ಮಾತು, ಅತ್ತೆಯದೇ ಧಾಟಿ. ಆರು ವರ್ಷ ಯಾರಾದರೂ ಓದಿಬಿಡುತ್ತಾರೆ ಎಂದು ಹೆದರಿದ್ದಳು. ಕೊನೆಗೂ ಇಬ್ಬರು ಓದಿದರು. ಒಬ್ಬರು ಕರಗಿದರು, ಒಬ್ಬನಿಗೆ ಕೆಲಸ ಉಳಿಯಿತು. ಬಾಯಿಬಿಟ್ಟು ಹೇಳಿದರೂ ಅದು ಅವಳದಾಗಲಿಲ್ಲ.

"ಹಾಂ, ಇನ್ನೊಂದು," ನಿತಿನ ತಿರುಗಿದ. "ಇವೇ ಹೆಸರು ಇರಲಿ ಅಂದ್ರು. ನಿಗಡಿಯಲ್ಲಿ ಹೊಸ ಮಷೀನು ಕೂತಿದೆಯಲ್ಲ, ಅದಕ್ಕೂ ನಾನೇ ಒಂದು ಹೆಸರು ಇಡಬೇಕಂತೆ. ಸೋಮವಾರ ಬೆಳಗ್ಗೆ ಅವರೇ ನಿಗಡಿಯಿಂದ ಸಂದೇಶ ಹೋಗುವ ದಾರಿ ತೆಗೆದು, ಎಲ್ಲ ಹೆಸರನ್ನೂ ಪ್ರೊಜೆಕ್ಟರ್ ಹಾಕಿ ಎಲ್ಲರೆದುರು ಗೋಡೆ ಮೇಲೆ ತೋರಿಸ್ತಾರೆ. ಹೆಸರಿನ ಕಡತ ಇರುವುದು ನಿಮ್ಮ ಹತ್ರ ಅಲ್ವಾ, ಯಾವುದಾದರೂ ಊರಿನ ಹೆಸರು ಹಾಕಿಬಿಡಿ. ನಂಗೆ ಅಂಥದ್ದೆಲ್ಲ ಹೊಳೆಯುದಿಲ್ಲ."

"ನೋಡ್ತೇನೆ," ಎಂದಳು.

ನಿಗಡಿ ಚಿಂಚವಾಡದ ಆಚೆಗೆ. ಅಲ್ಲಿಂದ ಹೊರಟ ಸಂದೇಶ ಮೊದಲು ಹೊಸ ಯಂತ್ರವನ್ನು ದಾಟಿ, ಆಮೇಲೆ 'ಊಟ'ಕ್ಕೆ ಬರುತ್ತದೆ.

ಎರಡೂವರೆಗೆ ಸಾಬವ್ವ ನೆಲ ಒರೆಸುತ್ತ ಬಂದಳು. ಕಲಬುರ್ಗಿಯ ಕಡೆಯವಳು, ಗಂಡ ಅಂಬಾರಾಯ ವಾಕಡದ ಕಟ್ಟಡಗಳಲ್ಲಿ ಗಾರೆ ಕೆಲಸ. ಓದಲು ಬಾರದ ಸಾಬವ್ವನಿಗೆ ಫಲಕಗಳೆಂದರೆ ಶುಕ್ರವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಕಾದ ಹಿತ್ತಾಳೆ.

"ಉಂಡ್ರೇನ್ರಿ ಅಕ್ಕಾರ?"

"ಆಯ್ತು ಸಾಬವ್ವ," ಎಂದಳು ಕುಸುಮ, ಎಂದಿನ ಹಾಗೆ. ಬೆಳಗ್ಗೆ ತಾನೇ ತುಂಬಿಕೊಂಡಿದ್ದ ಊಟದ ಡಬ್ಬಿ ತೆರೆಯದೆ ಚೀಲದಲ್ಲೇ ಇತ್ತು.

"ಬೆಂಗ್ಳೂರ ಸಾಹೇಬ್ರು ಜೋರಲೇ ಓದಿದ್ರಲ್ರಿ, ಕೇಳ್ದೆ. ಅದು ಆ ನಿತಿನಪ್ಪನ ಮಾತಂತ?"

"ಹಾಗಂತೆ."

"ಖೊಟ್ಟಿ ಅದ ಬಿಡ್ರಿ." ಸಾಬವ್ವ ಬಟ್ಟೆ ಹಿಂಡಿದಳು. "ಅದು ಹೆಣ್ಮಗಳ ಮಾತದ. ಗಂಡಸು ಹಸದ್ರ ತಾಟ ಬಡೀತಾನ. ಹೆಸರಿಟಗೋತ ಕುಂದ್ರಂಗಿಲ್ಲ."

ಕುಸುಮ ಪರದೆಯಿಂದ ಕಣ್ಣು ತೆಗೆದಳು. ಆರು ವರ್ಷದಿಂದ, ವಾರಕ್ಕೆ ಆರು ದಿನ, ಇದೇ ಹೊತ್ತಿಗೆ ಈ ಹೆಂಗಸು ಅದನ್ನೇ ಕೇಳುತ್ತಿದ್ದಳು, ಉಂಡ್ರೇನ್ರಿ ಅಂತ. 'ಯಾರೂ' ಎಂದು ಬರೆಯುವಾಗಲೂ, ದಿನಾ ಬೆಳಗ್ಗೆ ಓದುವಾಗಲೂ, ಕುಸುಮ ಅವಳನ್ನು ಎಣಿಸಿರಲಿಲ್ಲ. ತಿರುಗಿ ಕೇಳಿಯೂ ಇರಲಿಲ್ಲ.

"ನಿನ್ನದು ಆಯಿತಾ ಸಾಬವ್ವ?"

"ನಂದೇನ್ರಿ?" ಸಾಬವ್ವನಿಗೆ ನಗು ಬಂತು. "ಇವತ್ತೇನು ಸೂರ್ಯ ಆ ಕಡಿಂದ ಬಂದಾನೇನು? ಮನಿಗಿ ಹೋಗಿ ರೊಟ್ಟಿ ತಿಂತೀನ್ರಿ."

ಕುಸುಮ ಚೀಲದಿಂದ ಡಬ್ಬಿ ತೆಗೆದಳು. ಮುಚ್ಚಳಕ್ಕೆ ಅರ್ಧ ಚಿತ್ರಾನ್ನ ಸುರಿದು ಮೇಜಿನ ಆ ತುದಿಗೆ ಸರಿಸಿದಳು. "ಆಯ್ತು ಅಂದದ್ದು ಸುಳ್ಳು," ಎಂದಳು.

"ಗೊತ್ತದರಿ," ಎಂದಳು ಸಾಬವ್ವ, ಕೈ ಒರೆಸಿಕೊಳ್ಳುತ್ತ. "ದಿನಾ ಚೀಲ ಎತ್ತಿ ಒರಸ್ತೀನಿ. ಭಾರ ಇರ್ತದ."

ಅವಳು ಹೋದ ಮೇಲೆ ಕುಸುಮ ಹೆಸರುಗಳ ಕಡತ ತೆರೆದಳು. ನಿಗಡಿಯ ಸಂಖ್ಯೆಯ ಎದುರು ಜಾಗ ಖಾಲಿಯಿತ್ತು. ಮಲ್ಪೆ ಎಂದೋ ಮರವಂತೆ ಎಂದೋ ಹಾಕಿದರೆ ತೊಂದರೆಯಿಲ್ಲ. ಸೋಮವಾರ ಮನೋಹರ ಸಾಹೇಬರು ಆರನೆಯ ಊರನ್ನೂ ನೋಡಿದ್ದೇನೆ ಎನ್ನುತ್ತಾರೆ, ನಿತಿನನ ಹಾಸ್ಯ ಹಾಗೇ ಉಳಿಯುತ್ತದೆ, ತನ್ನ ಹೆಸರು ಪಟ್ಟಿಯಲ್ಲಿ ಉಳಿದರೂ ಉಳಿಯಬಹುದು. ಇನ್ನೊಂದು ಹೆಸರು, ಅಂದು ಬಿಟ್ಟ ಪದವನ್ನೇ, ಹಾಕಿದರೆ, ಗೋಡೆಯ ಮೇಲೆ ಅಷ್ಟು ದೊಡ್ಡ ಅಕ್ಷರದಲ್ಲಿ, ರಾಮಲಿಂಗಪ್ಪ ಅದನ್ನೇ ಮೊದಲು ಓದುತ್ತಾರೆ. ನಿತಿನನಿಗೆ ಮದುವೆಯಾಗಿಲ್ಲ; ನಾಳೆ ಆದರೂ ಅವನು ಯಾರ ಮನೆಯ ಸೊಸೆಯೂ ಆಗಲಾರ. ಅಷ್ಟು ಲೆಕ್ಕ ಯಾರಿಗಾದರೂ ತಿಳಿಯುತ್ತದೆ. ಆಫೀಸಿನಲ್ಲಿ ಯಂತ್ರಗಳ ಕೆಲಸ ಬಲ್ಲ ಕನ್ನಡದ ಸೊಸೆ ಎಷ್ಟು ಜನ ಎಂದು ಅವರು ವಿಚಾರಿಸಿದರೆ ಉತ್ತರ ಒಂದೇ.

ಕೆಲಸ ಹೋದರೆ ಮತ್ತೆ ಎಸ್‌ಟಿಡಿ ಬೂತಿಗೆ ಹೋಗುವುದೂ ಸಾಧ್ಯವಿಲ್ಲ. ಅಲ್ಲಿ ಈಗ ಮೊಬೈಲ್ ಅಂಗಡಿ.

ಅವಳು ಇಂಗ್ಲಿಷಿನ ಆರು ಅಕ್ಷರ ಒತ್ತಿದಳು. ಕಾಗುಣಿತ ಸರಿಯಿದೆಯೇ ನೋಡಿ, ಉಳಿಸಿದಳು.

ನಿತಿನ ಬಾಗಿಲಲ್ಲಿ ಇಣುಕಿದ. "ಮೇಡಂ, ಹೆಸರು ಆಯ್ತಾ?"

"ಆಯ್ತು."

"ಯಾವ ಊರು?"

"ಸಮುದ್ರದ ಹತ್ತಿರದ್ದೇ."

ಅವನು ಹೆಬ್ಬೆರಳು ಎತ್ತಿ ಹೋದ. ಕುಸುಮ ರಿಜಿಸ್ಟರು ಬಿಡಿಸಿ ಸೋಮವಾರದ ಹಾಳೆಗೆ ಬಂದಳು. ಸ್ಕೇಲು ಇಟ್ಟು, ಚಿಂಚವಾಡದ ಕಾಲಮಿನ ಎಡಕ್ಕೆ, ಇಷ್ಟು ದಿನ ಬರೀ ಅಂಚಾಗಿದ್ದ ಜಾಗದಲ್ಲಿ, ಹೊಸದೊಂದು ಗೆರೆ ಎಳೆದಳು.