ಉಗ್ರಾಣದಲ್ಲಿ ಬೆಳಕು ಸಾಲದು

ಹೆಂಗಸರಿಗೆ ಬಸ್ಸು ಫ್ರೀ ಆದದ್ದು ಒಳ್ಳೆಯದೇ, ಆದರೆ ಮಂಡಿ ಹಳೆಯದೇ ಉಳಿಯಿತಲ್ಲ. ಕಿರಿಯ ಮಗಳು ಅನುವಿನ ಮದುವೆಗೆ ಫೋಟೋಗ್ರಾಫರ್ ಹುಡುಕಲು ಭೇರ್ಯದಿಂದ ಕೆ.ಆರ್. ನಗರಕ್ಕೆ, ಇನ್ನೊಂದು ದಿನ ಪಿರಿಯಾಪಟ್ಟಣಕ್ಕೆ, ಕೊನೆಗೆ ಹುಣಸೂರಿಗೆ ಅಲೆದು ನಾನು ಸುಸ್ತಾಗಿ ಹೋದೆ. ಗಂಡು ಹುಡುಕಲೂ ಇಷ್ಟು ಊರು ತಿರುಗಿರಲಿಲ್ಲ. ಎಚ್.ಡಿ. ಕೋಟೆಯ ಶಶಿ ಒಂದೇ ಭಾನುವಾರಕ್ಕೆ ಗಟ್ಟಿಯಾಗಿದ್ದ.

ಇದಕ್ಕೆಲ್ಲ ಕಾರಣ ದೊಡ್ಡ ಮಗಳು ರಮ್ಯಾಳ ಮದುವೆ ಆಲ್ಬಮ್ಮು. ಮೂರು ವರ್ಷದ ಹಿಂದಿನದು, ಎತ್ತಿದರೆ ಕೈ ಸೋಲುವಷ್ಟು ಭಾರ. ಅದರಲ್ಲಿ ಬೀಗರ ಡ್ರೈವರ್ ಇದ್ದಾನೆ, ಪಾಯಸ ಬಡಿಸುವವನು ಎರಡು ಸಲ ಇದ್ದಾನೆ, ನಾನಿಲ್ಲ. ಗಂಡ ಸತ್ತು ಎಂಟು ವರ್ಷವಾದವಳು ನಾನು. ನಮ್ಮ ಕಡೆ ಅಂಥವಳು ಧಾರೆಗೆ ನಿಲ್ಲುವುದಿಲ್ಲ. ನನ್ನ ತಮ್ಮ ಮಾದೇಶ, ಅವನ ಹೆಂಡತಿ ವಿಮಲಮ್ಮ ಧಾರೆ ಎರೆದರು. ನಾನು ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಯವರಿಗೆ ಅಕ್ಕಿ, ಬೆಲ್ಲ, ಎಣ್ಣೆ ತೆಗೆದುಕೊಡುತ್ತಿದ್ದೆ. ಗಟ್ಟಿಮೇಳ ಗೋಡೆಯ ಆಚೆಯಿಂದ ಕೇಳಿಸಿತು. ಯಾರೂ ನನ್ನನ್ನು ಬರಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಹೋಗಬಾರದು ಅಂತ ನನಗೇ ಗೊತ್ತಿತ್ತು. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆಲ್ಬಮ್ ನೋಡಿದಾಗಿನಿಂದ ಅನುವಿಗೆ ಅದೇ ಕೊರಗು. ಈ ಸಲ ಧಾರೆಗೆ ಅವ್ವನೂ ನಿಲ್ಲಲಿ ಅಂತ ಮಾದೇಶನ ಮುಂದೆ ಒಮ್ಮೆ ಅಂದೂ ನೋಡಿದಳು. ಅವನು ಬೈಯಲಿಲ್ಲ. "ನಾಳೆ ನಿಮ್ ಸಂಸಾರದಲ್ಲಿ ಎಚ್ಚುಕಮ್ಮಿ ಆದ್ರೆ ನಿಮ್ಮವ್ವನ್ ತಲೆಗೇ ಕಟ್ತಾರೆ ಕಣವ್ವ" ಅಂದ. ಆ ಭಯ ನನಗೂ ಇತ್ತು, ಮಾತನ್ನು ನಾನೇ ಅಲ್ಲಿಗೆ ಮುಗಿಸಿದೆ. "ಓಗ್ಲಿ, ಫೋಟೋದಲ್ಲಾದ್ರೂ ನೀನಿರ್ಬೇಕು" ಅಂದಳು ಅನು. "ನಿನ್ನ ಬುಟ್ಟು ಫೋಟೋ ತೆಗಿಯೋನು ನಂಗ್ ಬ್ಯಾಡ."

ಕೆ.ಆರ್. ನಗರದವನು ಜ್ಯೂಸ್ ಕೊಟ್ಟು, ದೊಡ್ಡ ಟೀವಿಯಲ್ಲಿ ಡ್ರೋನ್ ವಿಡಿಯೋ ತೋರಿಸಿದ. ಚೌಟ್ರಿಯ ತಾರಸಿ, ಅದರ ಮೇಲಿನ ನೀರಿನ ಟ್ಯಾಂಕು, ಎಲ್ಲ ಚೆನ್ನಾಗಿ ಬಂದಿತ್ತು. ಅನು ಅವನ ಆಲ್ಬಮ್ ಒಂದನ್ನು ತೆರೆದು, "ಈ ಹುಡುಗಿ ಅವ್ವ ಯಾರು?" ಅಂತ ಕೇಳಿದಳು. ಅವನು ಹತ್ತು ಪುಟ ಮುಂದೆ, ಹತ್ತು ಪುಟ ಹಿಂದೆ ಮಗುಚಿ, "ಇಲ್ಲೇ ಎಲ್ಲೋ ಇರ್ಬೇಕು ಕಣ್ರೀ" ಅಂದ. ಪಿರಿಯಾಪಟ್ಟಣದವನಿಗೂ ಅದೇ ಪ್ರಶ್ನೆ. ಅವನು ಅದನ್ನು ಕಿವಿಗೇ ಹಾಕಿಕೊಳ್ಳದೆ, ಹುಡುಗ ಹುಡುಗಿಯನ್ನು ಕಾಕನಕೋಟೆ ಕಾಡಿನ ಕಡೆ ಕರೆದುಕೊಂಡು ಹೋಗಿ, ಬಣ್ಣದ ಹೊಗೆ ಬಿಟ್ಟು ತೆಗೆಯೋಣ ಅಂದ. ಆನೆ ಬಂದರೆ ಅದಕ್ಕೂ ಹೊಗೆ ಬಿಡ್ತೀಯೇನಪ್ಪ ಅಂತ ಕೇಳಬೇಕೆನಿಸಿತು. ಮಂಡಿನೋವಿನಲ್ಲಿ ತಮಾಷೆಯೂ ಬೇಡವಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ರೇಗಿದೆ. "ನನ್ ಮೂತಿ ನೋಡಕ್ಕೆ ಯಾರೇ ಆಲ್ಬಮ್ ತೆಗಿತಾರೆ? ಯಾವನ್ನಾರ ಒಬ್ಬುನ್ನ ಒಪ್ಕೊಂಡು ಸಾಯಿ." ಅನು ಕಿಟಕಿಯ ಕಡೆ ತಿರುಗಿಕೊಂಡಳು. ಹಾಗೆ ಅನ್ನಬಾರದಿತ್ತು.

ಹುಣಸೂರಿನ ಮುಸವೀರ್ ಸಾಹೇಬರ ಅಂಗಡಿಯಲ್ಲಿ ಟೀವಿ ಇರಲಿಲ್ಲ. ಅರವತ್ತರ ಹತ್ತಿರದವರು, ಮೂವತ್ತು ವರ್ಷದಿಂದ ನಮ್ಮ ಸುತ್ತಿನ ಹಳ್ಳಿಗಳ ಮದುವೆ ತೆಗೆದವರು. ಆಲ್ಬಮ್ ತೋರಿಸುವ ಮುಂಚೆ ಅವರೇ ಕೇಳಿದರು, "ಧಾರೆ ಯಾರಮ್ಮ ಎರೀತಾರೆ?"

"ನಮ್ ಸೋದರಮಾವ, ಅತ್ತೆ" ಅಂದಳು ಅನು.

ಅವರು ನನ್ನ ಬರಿ ಹಣೆ ನೋಡಿದರು, ತಕ್ಷಣ ಕಣ್ಣು ತಗ್ಗಿಸಿದರು. "ಆ ಹೊತ್ತಲ್ಲಿ ಅಮ್ಮ ಎಲ್ಲಿರ್ತಾರೆ?"

"ಉಗ್ರಾಣದಲ್ಲಿ" ಅಂದೆ ನಾನು.

"ಅಲ್ಲಿ ಬೆಳಕು ಸಾಲಲ್ಲ" ಅನ್ನುತ್ತಾ ಡೈರಿಯಲ್ಲಿ ಏನೋ ಬರೆದುಕೊಂಡರು. ಅನು ಅವರ ಆಲ್ಬಮ್ ಮುಟ್ಟಲೂ ಇಲ್ಲ, ಅಲ್ಲೇ ಒಪ್ಪಿಕೊಂಡಳು. ಇನ್ನು ಬಸ್ಸು ಹತ್ತುವುದು ತಪ್ಪಿತಲ್ಲ ಅಂತ ನಾನೂ ಹೂಂ ಅಂದೆ.

ಈಗಿನ ಮದುವೆಗಳಲ್ಲಿ ಪುರೋಹಿತರ ಮಾತು ಮೀರುವವರಿದ್ದಾರೆ, ಫೋಟೋದವನ ಮಾತು ಮೀರುವವರಿಲ್ಲ. ರಮ್ಯಾಳ ಮದುವೆಯಲ್ಲಿ ಅವನು ಕೈ ಎತ್ತಿದ್ದಕ್ಕೆ ತಾಳಿ ಕಟ್ಟುವುದೇ ಅರೆಗಳಿಗೆ ನಿಂತಿತ್ತಂತೆ. ಅತ್ತ ತಿರುಗಿ ಅಂದರೆ ತಿರುಗುತ್ತಾರೆ, ನಗಿ ಅಂದರೆ ನಗುತ್ತಾರೆ. ಇದು ನನಗೆ ಗೊತ್ತಿತ್ತು, ಆದರೆ ಅದರಿಂದ ಏನು ಮಾಡಬಹುದು ಅಂತ ಹೊಳೆದಿರಲಿಲ್ಲ. ಮುಸವೀರ್‌ಗೆ ಹೊಳೆದಿತ್ತು.

ಅನುವಿನ ಧಾರೆಯ ಹೊತ್ತಿಗೆ ನಾನು ಉಗ್ರಾಣದಲ್ಲಿ ಕೂತು ಬೆಲ್ಲ ಒಡೆಯುತ್ತಿದ್ದೆ. ಅವರು ಬಾಗಿಲಲ್ಲಿ ಬಂದು ನಿಂತರು. "ಅಮ್ಮ, ಒಂದೇ ಫೋಟೋ. ಇಲ್ಲಿ ಕತ್ತಲು, ಬಾಗಿಲ್ಗೆ ಬನ್ನಿ."

ಬೇಗ ಮುಗಿಯಲಿ ಅಂತ ಎದ್ದೆ. ಬಾಗಿಲಿಗೆ ಬಂದರೆ, ಹಿಂದೆ ಮೂಟೆ ಬರುತ್ತೆ, ನಾಲ್ಕು ಹೆಜ್ಜೆ ಮುಂದೆ ಅಂದರು. ಮುಂದೆ ಬಂದರೆ ಕಂಬ ಅಡ್ಡ, ಇನ್ನೂ ನಾಲ್ಕು ಹೆಜ್ಜೆ. ಕ್ಯಾಮೆರಾ ಕಣ್ಣಿನಿಂದ ಇಳಿಸದೆ, ಹಿಂದೆ ಹಿಂದೆ ನಡೆಯುತ್ತಾ, ಹುಲ್ಲು ತೋರಿಸಿ ಕರುವನ್ನು ಕರೆದುಕೊಂಡು ಹೋಗುವ ಹಾಗೆ ನನ್ನನ್ನು ಕರೆದುಕೊಂಡು ಹೋದರು. ಫೋಟೋಗೆ ಅಂತ ಜನ ದಾರಿ ಬಿಟ್ಟರು. ತಲೆ ಎತ್ತಿ ನೋಡಿದರೆ ಎದುರಿಗೆ ಮಂಟಪದ ಮೆಟ್ಟಿಲು.

"ನಾನು ಇಲ್ಲಿಗ್ ಬರಂಗಿಲ್ಲ ಕಣಪ್ಪ" ಅಂದೆ.

"ಬೆಳಕು ಇರೋದು ಇಲ್ಲೇ ಅಮ್ಮ" ಅಂದರು ಮೆಲ್ಲಗೆ. ಆಮೇಲೆ ಮಂಟಪದ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ಫ್ರೇಮ್ ಖಾಲಿ ಕಾಣ್ತಿದೆ. ಅಮ್ಮಾವ್ರು ಬಂದು ಚೊಂಬಿಗೆ ಕೈ ಕೊಡ್ಲಿ."

ವಿಮಲಮ್ಮ ಏನೋ ಹೇಳಲು ಬಾಯಿ ತೆರೆದಳು. ಮಾದೇಶ ಪುರೋಹಿತರ ಮುಖ ನೋಡಿದ. ಪುರೋಹಿತರು ಗಡಿಯಾರ ನೋಡಿದರು. "ಫೋಟೋದವ್ರು ಹೇಳಿದ್ ಬೇಗ ಮಾಡ್ಬುಡಿ, ಮುಹೂರ್ತ ಮೀರ್ತದೆ" ಅಂದರು. ಮಾದೇಶ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದ.

ಬೆಲ್ಲ ಅಂಟಿದ ಕೈಯನ್ನೇ ಚೊಂಬಿಗೆ ಕೊಟ್ಟೆ. ಹಾಲು ಅನುವಿನ ಕೈ ಮೇಲೆ ಬಿತ್ತು. ಎಂಟು ವರ್ಷದಿಂದ ಎಲ್ಲ ಶುಭಕಾರ್ಯಗಳಲ್ಲಿ ಪಕ್ಕಕ್ಕೆ ಸರಿದು ಸರಿದು ನನಗೆ ಸಾಕಾಗಿಹೋಗಿತ್ತು. ಎಷ್ಟು ಸಾಕಾಗಿತ್ತು ಅಂತ ಗೊತ್ತಾದದ್ದು ಆಗಲೇ. ತಲೆ ಬಗ್ಗಿಸಿಕೊಂಡು ಅತ್ತುಬಿಟ್ಟೆ.

ಎರಡು ತಿಂಗಳ ಮೇಲೆ ಆಲ್ಬಮ್ ಬಂತು. ಅನುವೂ ಊರಿಗೆ ಬಂದಿದ್ದಳು. ಧಾರೆಯ ಫೋಟೋ ಎರಡು ಪುಟದ ತುಂಬ ಇದೆ. ಅದರಲ್ಲಿ ನನ್ನ ಮುಖವಿಲ್ಲ. ವಿಮಲಮ್ಮನ ಭುಜ ಅಡ್ಡ ಬಂದುಬಿಟ್ಟಿದೆ. ಚೊಂಬಿನ ಮೇಲೆ ಬೆಲ್ಲ ಅಂಟಿದ ನನ್ನ ಕೈ ಮಾತ್ರ ಕಾಣುತ್ತದೆ.

"ಅಷ್ಟ್ ಊರು ಸುತ್ಸಿದ್ಯಲ್ಲೇ, ನೋಡು, ಮೂತಿನೇ ಬಂದಿಲ್ಲ" ಅಂದೆ.

ಅನು ಆ ಕೈಯ ಮೇಲೆ ಬೆರಳಿಟ್ಟಳು. "ಆವತ್ತು ನಂಗ್ ಕಾಣ್ತಿತ್ತು, ಬುಡವ್ವ."